ಬೆಳಗಿಗೊಂದು ಕೈ

ಜಾರಿತೋ ಅಥವಾ ತಾನೇ ಬಿಟ್ಟನೋ, ಅದೊಂದು ಅವನಿಗೆ ಬಗೆಹರಿಯುತ್ತಿರಲಿಲ್ಲ. ಹಲ್ಲಿನ ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಟ್ಯೂಬ್‌ಲೈಟಿನ ಕೆಳಗೆ, ಎಂದಿನ ಕುರ್ಚಿಯಲ್ಲಿ ಕೂತು ಅವನು ಯಾವುದೋ ಮುದುಕಿಯ ಮೇಲ್ದವಡೆಯ ಅಚ್ಚಿಗೆ ಗುಲಾಬಿ ಮೇಣದಲ್ಲಿ ಹಲ್ಲು ಕೂರಿಸುತ್ತಿದ್ದ. ಸ್ಪಿರಿಟ್ ದೀಪದ ನೀಲಿ ಉರಿಗೆ ಚಾಕು ಹಿಡಿಯುವುದು, ಮೇಣಕ್ಕೆ ಮುಟ್ಟಿಸುವುದು, ಹಲ್ಲನ್ನು ಒಂದಿಷ್ಟು ಒಳಕ್ಕೆ, ಒಂದಿಷ್ಟು ಹೊರಕ್ಕೆ ತಳ್ಳುವುದು. ಎಷ್ಟೋ ವರ್ಷದಿಂದ ಮಾಡಿಕೊಂಡು ಬಂದ ಕೆಲಸ. ಬೆರಳುಗಳಿಗೆ ಅವನ ಅಪ್ಪಣೆ ಬೇಕಿರಲಿಲ್ಲ. ಅದೇ ಇವತ್ತು ಅವನಿಗೆ ಭಯ ಹುಟ್ಟಿಸಿತ್ತು. ತನ್ನನ್ನು ಕೇಳದೆ ಹಲ್ಲು ಕೂರಿಸಬಲ್ಲ ಬೆರಳುಗಳು ತನ್ನನ್ನು ಕೇಳದೆ ಇನ್ನೂ ಏನೇನು ಮಾಡಬಲ್ಲವು. ಸೂರಿಗೆ ಅಂಟಿಕೊಂಡಂತಿದ್ದ ಸಣ್ಣ ಕಿಟಕಿಯಲ್ಲಿ ರಸ್ತೆಯ ಮೇಲೆ ನಡೆಯುವವರ ಕಾಲುಗಳಷ್ಟೇ ಕಾಣುತ್ತಿದ್ದವು. ಚಪ್ಪಲಿ, ಬೂಟು, ಮತ್ತೆ ಚಪ್ಪಲಿ. ಆ ಕಾಲುಗಳಿಗೆ ತಾವು ನಡೆಯುತ್ತಿದ್ದೇವೆಂಬ ಪರಿವೆಯೇ ಇದ್ದಂತಿರಲಿಲ್ಲ. ಬೆಳಿಗ್ಗೆ ಹೆಂಡತಿಯ ಕಾಲುಗಳು ಹಿಂಡಿ ಬಿಸುಟ ಬಟ್ಟೆಯ ಹಾಗೆ ಒಂದರ ಮೇಲೊಂದು ಬಿದ್ದುಕೊಂಡಿದ್ದವು. ಒಂದು ಹಿಮ್ಮಡಿ ಮಂಚದ ಕೆಳಗೆ ಹೋಗಿತ್ತು.

ದಿನಾ ಮಾಡುವುದನ್ನೇ ಮಾಡಿದ್ದ. ಎದ್ದು, ಅಡುಗೆಮನೆಯ ಕಟ್ಟೆಗೆ ಎರಡೂ ಅಂಗೈ ಊರಿ, ಕಣ್ಣು ಮುಚ್ಚಿ, ತಂದೆಯೇ, ಇವತ್ತಿಗೆ ಬೇಕಾದಷ್ಟು ಬಲ ಕೊಡು ಎಂದಿದ್ದ. ನಾಳೆಯದನ್ನು ಕೇಳುವ ಪದ್ಧತಿ ಅವನಿಗಿರಲಿಲ್ಲ. ನರಗಳ ಕಾಯಿಲೆಯಿಂದ ಅವಳ ಸೊಂಟದ ಕೆಳಗೆ ಬಲ ಹೋದ ಹೊಸದರಲ್ಲಿ, ಈ ಮಾತು ಹೇಳಿದ ಮೇಲೆ ಏನೋ ಒಂದು ಬರುತ್ತಿತ್ತು. ನಿಜವಾಗಿಯೂ ಬರುತ್ತಿತ್ತು, ತಣ್ಣಗಿನ ಕೋಣೆಯಲ್ಲಿ ಯಾರೋ ಬಂದು ಪಕ್ಕದಲ್ಲಿ ನಿಂತ ಹಾಗೆ. ಆಮೇಲೆ ಯಾವತ್ತಿನಿಂದಲೋ ಅದು ನಿಂತುಹೋಯಿತು. ನಿಂತ ದಿನ ಯಾವುದೆಂದು ಅವನು ಗಮನಿಸಿರಲಿಲ್ಲ. ಏಕೆಂದರೆ ಅದು ಬರದಿದ್ದರೂ ಮೈ ಏಳುತ್ತಿತ್ತು, ತೋಳು ಎತ್ತುತ್ತಿತ್ತು, ಹಾಲು ಕಾಯುತ್ತಿತ್ತು. ನಡೆಸುತ್ತಿರುವವನು ದೇವರೋ ಅಥವಾ ಬರೀ ರೂಢಿಯೋ ಎಂದು ಬಿಡಿಸಿ ನೋಡುವ ಧೈರ್ಯ ಅವನಿಗೆ ಬಂದಿರಲಿಲ್ಲ. ಇವತ್ತೂ ಕೇಳಿದ್ದ. ಕೇಳಿ, ಕೋಣೆಗೆ ಬಂದು, ಅವಳ ಬೆನ್ನ ಕೆಳಗೊಂದು ತೋಳು, ಮಂಡಿಯ ಕೆಳಗೊಂದು ತೋಳು ಹಾಕಿ ಎತ್ತಿ, ಮಂಚದಿಂದ ಗಾಲಿಕುರ್ಚಿಯ ಕಡೆ ತಿರುಗುವಾಗ ದಿನಾ ಒಂದು ಕ್ಷಣ ಇರುತ್ತದಲ್ಲ, ಅವಳ ಪೂರ್ತಿ ಭಾರ ಬೇರೆ ಯಾವುದರ ಮೇಲೂ ಇಲ್ಲದೆ ಅವನೊಬ್ಬನ ಮೇಲೆ ನಿಲ್ಲುವ ಕ್ಷಣ, ಆಗ ಅವನಿಗೆ ಅನ್ನಿಸಿತು: ಸಾಕು. ಅಷ್ಟೇ. ಸಿಟ್ಟಿರಲಿಲ್ಲ. ಅವಳ ಮೇಲೆ ಬೇಸರವೂ ಇರಲಿಲ್ಲ. ಊಟ ಮುಗಿಸಿದವನು ತಟ್ಟೆಯನ್ನು ಮುಂದಕ್ಕೆ ಸರಿಸುವಾಗ ಅನ್ನುವಂಥ ಒಂದು ಸಾಕು. ಮರುಗಳಿಗೆ ಅವಳು ನೆಲದ ಮೇಲಿದ್ದಳು.

ಬಿದ್ದ ಸದ್ದಿಗೆ ಕೆಳಮನೆಯ ಹೊಲಿಗೆ ಯಂತ್ರ ನಿಂತಿತು. ಯಾರು ಬರುತ್ತಾರೆಂದು ಇಬ್ಬರಿಗೂ ಗೊತ್ತಿತ್ತು. ಟೈಲರಮ್ಮ ಮೆಟ್ಟಿಲು ಹತ್ತಿ ಬಂದು ಬಾಗಿಲು ತಟ್ಟಿ, "ಸಾರ್, ಏನಾಯ್ತು? ಏನೋ ಬಿದ್ದ ಹಾಗಾಯ್ತು," ಎಂದಳು. ಅಗುಳಿ ತೆಗೆಯುವುದಷ್ಟೇ ಬಾಕಿ ಇತ್ತು. ಅವನು ಹೆಂಡತಿಯ ಮುಖ ನೋಡಿದ. ಅವಳು ಬಿದ್ದಲ್ಲಿಂದಲೇ ಅವನ ಮುಖ ನೋಡುತ್ತಿದ್ದಳು. "ಏನಿಲ್ಲಮ್ಮ," ಎಂದ ಅವನು, ದನಿಯಲ್ಲಿ ಸ್ವಲ್ಪ ನಗು ಬೆರೆಸಿ, "ಸ್ಟೂಲು ಬಿತ್ತು."  "ಹೌದಾ," ಎಂದಳು ಟೈಲರಮ್ಮ. ಹೆಂಡತಿ ಅವನ ಮುಖದಿಂದ ಕಣ್ಣು ತೆಗೆದು ಮಂಚದ ಕೆಳಗಿನ ಕತ್ತಲೆಯಲ್ಲಿಟ್ಟಳು. ಆಮೇಲೆ ಅವನು ಅವಳ ಕೆಳಗೆ ಹೊದಿಕೆ ತೂರಿಸಿ, ಗೋಡೆಗೆ ಕಾಲು ಕೊಟ್ಟು, ಎಳೆದು, ಒರಗಿಸಿ, ಮತ್ತೆ ಎಳೆದು, ಹೇಗೋ ಕುರ್ಚಿಗೆ ಮುಟ್ಟಿಸಿದ.  ಅವಳ ಮೊಣಕೈ ಕೆಂಪಗಾಗಿತ್ತು. ಫ್ಲಾಸ್ಕು, ರೇಡಿಯೋ, ಫೋನು ಅವಳಿಗೆ ಎಟಕುವಲ್ಲಿಟ್ಟು, "ಬರ್ತೀನಿ" ಎಂದು ಬಾಗಿಲೆಳೆದುಕೊಂಡು ಬಂದಿದ್ದ. 

ನೆಲಮಾಳಿಗೆಯ ಗೋಡೆಯ ಮೇಲಿನ ಫೋನು ಕಿರುಗುಟ್ಟಿತು. ಮೇಲೆ ಡಾಕ್ಟರು ಕರೆಯುತ್ತಿದ್ದಾರೆ ಎಂದಳು ಕೌಂಟರಿನವಳು. ಡಾಕ್ಟರು ಅವನಿಗಿಂತ ಚಿಕ್ಕ ವಯಸ್ಸಿನ ಹೆಂಗಸು, ದನಿ ಎತ್ತಿದವರಲ್ಲ. ಕುರ್ಚಿಯಲ್ಲಿ ಮುದುಕನೊಬ್ಬ ಬಾಯಿ ತೆರೆದುಕೊಂಡು ಒರಗಿದ್ದ. ಎದೆಗೆ ಕಟ್ಟಿದ ಕಾಗದದ ಬಟ್ಟೆಯ ಮೇಲೆ ಅವನು ನಿನ್ನೆ ಮುಗಿಸಿ ಕಳಿಸಿದ್ದ ಹಲ್ಲುಸೆಟ್ಟು ಇತ್ತು. ಡಾಕ್ಟರು ಅದನ್ನು ಅವನ ಕೈಯಲ್ಲಿಟ್ಟರು. ನೋಡಿದ ಕೂಡಲೇ ಗೊತ್ತಾಯಿತು. ಎಡಗಡೆಯ ಕೋರೆಹಲ್ಲು ಬಲಗಡೆಗೆ, ಬಲಗಡೆಯದು ಎಡಗಡೆಗೆ. ಕಲಿಯುವ ಹುಡುಗರು ಮಾಡುವ ತಪ್ಪು. "ಇದನ್ನ ಹಾಕ್ಕೊಂಡು ಕನ್ನಡಿ ನೋಡ್ಕೊಂಡೆ," ಎಂದ ಮುದುಕ ಬೊಚ್ಚು ಬಾಯಲ್ಲಿ, "ನಮ್ಮ ಭಾವನ ಥರ ಕಾಣ್ತೀನಿ." ಡಾಕ್ಟರು ನಗಲಿಲ್ಲ. ಅವನನ್ನು ಪಕ್ಕಕ್ಕೆ ಕರೆದು, "ಸುಸ್ತಾಗಿದೀರಾ? ಮನೆಯಲ್ಲಿ ಅವರು ಹೇಗಿದ್ದಾರೆ? ಬೇಕಾದ್ರೆ ಒಂದೆರಡು ದಿನ ರಜೆ ತಗೊಳ್ಳಿ," ಎಂದರು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. "ಇಲ್ಲ ಡಾಕ್ಟ್ರೇ, ದೇವರು ನಡೆಸ್ತಿದ್ದಾನೆ," ಎಂದುಬಿಟ್ಟ. ಬಾಯಿ ತಾನಾಗಿ ಹೇಳಿತು. ಯಾರು ಏನು ಕೇಳಿದರೂ, ಮಾರುಕಟ್ಟೆಯಲ್ಲಿ, ಬಸ್ಸಿನಲ್ಲಿ, ಚರ್ಚಿನ ಮೆಟ್ಟಿಲ ಮೇಲೆ, ಅವನ ಬಾಯಿಂದ ಬರುತ್ತಿದ್ದ ಮಾತು ಅದು. ಹೇಳಿದ ಮೇಲೆ ಕೇಳಿದವರು ತಲೆದೂಗಿ ಸುಮ್ಮನಾಗುತ್ತಿದ್ದರು. ಮುಂದಕ್ಕೆ ಕೇಳಲು ಅವರಿಗೆ ಜಾಗವೇ ಇರುತ್ತಿರಲಿಲ್ಲ. ಕೈಯಲ್ಲಿ ಆ ತಪ್ಪು ಹಲ್ಲುಗಳನ್ನು ಹಿಡಿದುಕೊಂಡು ನಿಂತಾಗ ಅವನಿಗೆ ಹೊಳೆಯಿತು, ಇಷ್ಟು ದಿನವೂ ಆ ಮಾತನ್ನು ಅಗುಳಿಯ ಹಾಗೆ ಹಾಕಿಕೊಳ್ಳುತ್ತಿದ್ದೆನಲ್ಲ ಎಂದು.

ಹೊರಗೆ ಬೆಂಚಿನ ಮೇಲೆ ಅವನ ಚರ್ಚಿನ ಸಭಾಪಾಲಕರು ಕೂತಿದ್ದರು. ದವಡೆಹಲ್ಲಿಗೆ ಟೊಪ್ಪಿ ಹಾಕಿಸಲು ಬಂದವರು. ಮರಗಟ್ಟುವ ಸೂಜಿ ಆಗಿ, ಕೆಳತುಟಿಯ ಒಂದು ಪಕ್ಕ ಜೋತುಬಿದ್ದಿತ್ತು. ಅವನನ್ನು ಕಂಡು ಅವರ ಅರ್ಧ ಮುಖ ಅರಳಿತು. "ನಾಳೆ," ಎಂದರು ಅವರು, ಕರವಸ್ತ್ರದಿಂದ ಗಲ್ಲ ಒತ್ತಿಕೊಂಡು, "ಮರೀಬೇಡಿ. ಸಭೆ ಮುಂದೆ ನಿಮ್ಮ ಸಾಕ್ಷಿ. ಸ್ವಲ್ಪ ಹೊತ್ತು ಮಾತಾಡಿದ್ರೆ ಸಾಕು. ದಿನದಿನದ ಬಲ ದೇವರು ಹೇಗೆ ಕೊಡ್ತಾನೆ, ಅಷ್ಟೇ. ನಿಮಗಿಂತ ಚೆನ್ನಾಗಿ ಯಾರು ಹೇಳ್ತಾರೆ." ಪ ಅಕ್ಷರ ಬ ಆಗುತ್ತಿತ್ತು, ಮ ಎಲ್ಲಿಗೋ ಹೋಗುತ್ತಿತ್ತು. ಅವನು ಅವರ ಪಕ್ಕದಲ್ಲಿ ಕೂತ. ಇವರಿಗಾದರೂ ಹೇಳಿಬಿಡಬೇಕು ಎನ್ನಿಸಿತು. ಒಳ್ಳೆಯ ಮನುಷ್ಯ, ಹೆಂಡತಿ ಆಸ್ಪತ್ರೆಯಲ್ಲಿದ್ದಾಗ ರಾತ್ರಿಯೆಲ್ಲ ಬೆಂಚಿನ ಮೇಲೆ ಅವನ ಜೊತೆ ಕೂತಿದ್ದವರು. "ಅಯ್ಯನೋರೇ, ನಾಳೆ ನನ್ನ ಕೈಲಿ ಆಗಲ್ಲ. ಇವತ್ತು ಬೆಳಿಗ್ಗೆ ಏನಾಯ್ತು ಅಂದ್ರೆ, ಎತ್ತೋವಾಗ ನಾನು," ಎಂದು ತೊಡಗಿದ. ಅಷ್ಟರಲ್ಲಿ ಅವರ ತುಟಿಯ ಸಂದಿಯಿಂದ ಜೊಲ್ಲು ಇಳಿಯಿತು. ಅವರಿಗೆ ಅದು ಗೊತ್ತಾಗಲಿಲ್ಲ. ಹೇಳಬೇಕೋ ಬೇಡವೋ ಎಂದು ಅವನು ತಡವರಿಸಿದ. ಅವರು ಅವನ ಮೊಣಕಾಲು ತಟ್ಟಿ, "ಅದನ್ನೇ, ಅದನ್ನೇ ಹೇಳಿ," ಎಂದರು. ಒಳಗಿನಿಂದ ಅವರಿಗೆ ಕರೆ ಬಂತು.

ಅವನು ಕೆಳಗಿಳಿದು ಕೋರೆಹಲ್ಲುಗಳನ್ನು ಕಿತ್ತು ಸರಿಯಾಗಿ ಕೂರಿಸಿದ. ಶನಿವಾರ ಅರ್ಧ ದಿನದ ಕೆಲಸ. ಮಧ್ಯಾಹ್ನ ಬಾಗಿಲು ಹಾಕಿದ ಮೇಲೆ ಬೇರೆ ದಿನವಾದರೆ ಕಾಲು ತಾನಾಗಿ ಮನೆಯ ದಾರಿ ಹಿಡಿಯುತ್ತಿತ್ತು. ಇವತ್ತು ಬಸ್ ನಿಲ್ದಾಣದಲ್ಲಿ ನಿಂತ. ಬಂದ ಬಸ್ಸನ್ನು ಹತ್ತಿದ. "ಎಲ್ಲಿಗೆ?" ಎಂದ ಕಂಡಕ್ಟರು. "ಕೊನೇ ಸ್ಟಾಪಿಗೆ." ಯಾವುದು ಕೊನೆಯೆಂದು ಅವನಿಗೇ ಗೊತ್ತಿರಲಿಲ್ಲ. ಕಿಟಕಿಯ ಪಕ್ಕ ಒಬ್ಬ ಪೇಂಟರು ಕೂತಿದ್ದ. ಪ್ಯಾಂಟಿನ ತುಂಬ ಸುಣ್ಣದ ಚುಕ್ಕೆ, ಕಾಲಸಂದಿಯಲ್ಲಿ ಕುಂಚದ ಡಬ್ಬ. ಬಸ್ಸು ಅಂಗಡಿಗಳನ್ನು, ಗ್ಯಾರೇಜುಗಳನ್ನು, ಒಗೆದ ಬಟ್ಟೆ ಹರವಿದ ಮಹಡಿಗಳನ್ನು ಹಿಂದೆ ಹಾಕುತ್ತ ಹೋಯಿತು. ಹೆಂಡತಿಯ ಕಾಲು ಸೋತ ಮೊದಲ ವರ್ಷ ಚರ್ಚಿನ ಹೆಂಗಸರು ಮನೆಗೆ ಬಂದಿದ್ದರು, ಸರದಿಯ ಮೇಲೆ ಬೆಳಿಗ್ಗೆ ಒಬ್ಬೊಬ್ಬರು ಬರುತ್ತೇವೆ ಎಂದು. ಅವನು ಬಾಗಿಲಲ್ಲೇ ಕೈ ಮುಗಿದು, "ದೇವರ ಬಲ ಸಾಕು ನಮಗೆ, ನೀವು ಪ್ರಾರ್ಥನೆ ಮಾಡಿ," ಎಂದಿದ್ದ. ಎಷ್ಟು ಚೆನ್ನಾಗಿ ಕೇಳಿಸಿತ್ತು ಆ ಮಾತು. ಮುಂದಿನ ಭಾನುವಾರ ಸಭಾಪಾಲಕರು ಪ್ರಸಂಗದಲ್ಲಿ ಅದನ್ನು ಹೇಳಿದ್ದರು. ತಲೆಗಳು ಅವನ ಕಡೆ ತಿರುಗಿದ್ದವು. ಅವನು ಕಣ್ಣು ತಗ್ಗಿಸಿದ್ದ, ಆದರೆ ಎಷ್ಟು ತಗ್ಗಿಸಬೇಕೆಂದು ಲೆಕ್ಕ ಹಾಕಿಯೇ ತಗ್ಗಿಸಿದ್ದ. ಭಾವಮೈದ, ನೋಡಿಕೊಳ್ಳಲು ಆಯಾ ಒಬ್ಬಳನ್ನು ಗೊತ್ತು ಮಾಡಿಕೊಡುತ್ತೇನೆಂದಾಗಲೂ ಅದೇ ಉತ್ತರ. ಆಗೆಲ್ಲ ಹೆಂಡತಿ ಏನು ಹೇಳಿದಳು? ಅವಳನ್ನು ಕೇಳಿದ ನೆನಪೇ ಅವನಿಗಿರಲಿಲ್ಲ. ಕಾಲ ಕಳೆದಂತೆ ಭಾರಕ್ಕೂ ಹೊಗಳಿಕೆಗೂ ಒಟ್ಟಿಗೆ ರೂಢಿಯಾಗಿತ್ತು. ಯಾವುದು ಯಾವುದನ್ನು ಹೊರುತ್ತಿತ್ತೋ.

ಎಚ್ಚರವಾದಾಗ ಅವನ ತಲೆ ಪೇಂಟರನ ಹೆಗಲ ಮೇಲಿತ್ತು. ಬಾಯಿ ತೆರೆದೇ ನಿದ್ದೆ ಹೋಗಿದ್ದ. ಆ ಅಂಗಿಯ ಮೇಲೆ ಜೊಲ್ಲಿನ ಒದ್ದೆ ಕಲೆ. ಧಡಕ್ಕನೆ ನೆಟ್ಟಗಾಗಿ, "ತಪ್ಪಾಯ್ತು, ತಪ್ಪಾಯ್ತು," ಎಂದು ಕರವಸ್ತ್ರ ಹುಡುಕಿದ. "ಇರಲಿ ಬಿಡಿ," ಎಂದ ಪೇಂಟರು, ಕಿಟಕಿಯಿಂದ ಮುಖ ತಿರುಗಿಸದೆ. "ಮಲಗಿ. ನಂದಿನ್ನೂ ದೂರ ಇದೆ." ಅವನು ಮತ್ತೆ ಮಲಗಲಿಲ್ಲ. ಬೆನ್ನು ಸೀಟಿಗೂ ತಾಗದ ಹಾಗೆ ಸೆಟೆದು ಕೂತ. ಆದರೆ ಆ ಹೆಗಲ ಬಿಸಿ ಕೆನ್ನೆಯಿಂದ ಬೇಗ ಹೋಗಲಿಲ್ಲ, ಮತ್ತು ಅದಕ್ಕಾಗಿ ಅವನಿಗೆ ಅಳು ಬರುವಂತಾಯಿತು. ಬಸ್ಸಿನಲ್ಲಿ, ಅಷ್ಟು ಜನರ ನಡುವೆ, ಯಾವ ಕಾರಣವೂ ಇಲ್ಲದೆ. ಕೊನೆಯ ನಿಲ್ದಾಣದಲ್ಲಿ ಒಂದು ನಲ್ಲಿಯೂ ಟೀ ಅಂಗಡಿಯೂ ಇದ್ದವು. ಮುಖ ತೊಳೆದು, ಬಂದ ಬಸ್ಸಿನಲ್ಲೇ ಹಿಂದಿರುಗಿದ.

ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತಾಗಿತ್ತು. ಕೋಣೆ ಕತ್ತಲಾಗಿತ್ತು. ಅವಳು ಕಿಟಕಿಯ ಪಕ್ಕ ಗಾಲಿಕುರ್ಚಿಯಲ್ಲಿ, ಅವನು ಬಿಟ್ಟುಹೋದಲ್ಲೇ ಇದ್ದಳು. ಅವಳು ಇನ್ನೆಲ್ಲಿರಬೇಕಿತ್ತು. ಸ್ವಿಚ್ಚು ಹಾಕುವ ಮೊದಲೇ ವಾಸನೆ ಬಂತು. ಶನಿವಾರ ಮಧ್ಯಾಹ್ನ ಬಂದು ಅವನೇ ಅವಳನ್ನು ಬಚ್ಚಲಿಗೆ ಒಯ್ಯಬೇಕಿತ್ತು. ಅವಳ ತೊಡೆಯ ಮೇಲೆ ಮಡಿಸಿದ ಟವೆಲು ಇತ್ತು, ಮುಚ್ಚಿಡಲು. ಫೋನು ಕೈಯಲ್ಲೇ ಇತ್ತು, ಅವನಿಗೆ ಮಾಡಿರಲಿಲ್ಲ.

"ಸ್ಟೂಲು ಎಲ್ಲಿಗೂ ಹೋಗಿಲ್ಲ. ಇಲ್ಲೇ ಇದೆ," ಎಂದಳು.

ಅವನು ಒಲೆ ಹಚ್ಚಿದ. ನೀರು ಕಾಯಿಸಿ ತಂದ. ಕುರ್ಚಿಯಲ್ಲೇ ಒರಗಿಸಿ ಒರೆಸಿದ, ಬಟ್ಟೆ ಬದಲಿಸಿದ, ಕುರ್ಚಿಯ ದಿಂಬಿನ ಚೀಲ ಕಳಚಿ ನೆನೆಹಾಕಿದ. ಈ ಕೆಲಸದಲ್ಲಿ ಅವರಿಬ್ಬರ ನಡುವೆ ನಾಚಿಕೆ ಹೋಗಿ ಎಷ್ಟೋ ಕಾಲವಾಗಿತ್ತು; ಇವತ್ತು ಎಲ್ಲಿಂದಲೋ ತಿರುಗಿ ಬಂದಿತ್ತು. ಅವಳು ಗೋಡೆ ನೋಡುತ್ತಿದ್ದಳು. ಮೊಣಕೈ ಈಗ ನೀಲಿಗಟ್ಟಿತ್ತು. ಅದಕ್ಕೆ ಮುಲಾಮು ಹಚ್ಚುವಾಗ ಅವನ ಬಾಯಿಂದ ಬಂತು: "ಬೆಳಿಗ್ಗೆ ನಾನು ಬಿಟ್ಟೆನೋ ಜಾರಿತೋ ಗೊತ್ತಾಗ್ತಿಲ್ಲ."

"ನನಗೆ ಗೊತ್ತು."

ಅವನ ಕೈ ನಿಂತಿತು.

"ಮೊದಲು ನಿಮ್ಮ ಬೆರಳು ಸಡಿಲ ಆಯ್ತು," ಎಂದಳು ಅವಳು, ಯಾವುದೋ ಸಾಮಾನಿನ ವಿಷಯ ಹೇಳುವ ಹಾಗೆ. "ಬೆನ್ನಲ್ಲಿ ಗೊತ್ತಾಗುತ್ತೆ, ಅಲ್ಲಿ ಇನ್ನೂ ಸತ್ತಿಲ್ಲ ನಂಗೆ. ಆಮೇಲೆ ಗಾಬರಿಯಾಗಿ ಮತ್ತೆ ಹಿಡ್ಕೊಂಡ್ರಿ. ಅಷ್ಟೊತ್ತಿಗೆ ಜಾರಿತ್ತು. ಎರಡೂ ನಿಜ. ಒಂದನ್ನೇ ಇಟ್ಕೊಂಡು ಯಾಕೆ ಒದ್ದಾಡ್ತೀರಾ."

ಅವನು ನೆಲದ ಮೇಲೆ ಕೂತ. ಬಹಳ ಹೊತ್ತಿನಿಂದ ನಿಂತಿದ್ದವನ ಹಾಗೆ ಕೂತ.

"ಬಿದ್ದಿದ್ದಕ್ಕೆ ಕೋಪ ಇಲ್ಲ ನಂಗೆ. ನಾನೇ ನಿಮ್ಮನ್ನ ಎತ್ತೋ ಹಾಗಿದ್ದಿದ್ರೆ ಎಷ್ಟು ಸಲ ಬಿಡ್ತಿದ್ನೋ. ಟೈಲರಮ್ಮ ಬಾಗಿಲ ತನಕ ಬಂದಿದ್ಲು ರೀ. ನಾನು ಇಲ್ಲಿ ಬಿದ್ದಿದ್ದೆ. ನೀವು ನನ್ನ ಮುಖ ನೋಡ್ಕೊಂಡೇ ಹೇಳಿದ್ರಿ, ಸ್ಟೂಲು ಅಂತ."

"ಅವಳು ಏನಂದ್ಕೋತಾಳೋ ಅಂತ."

"ಏನಂದ್ಕೋತಾಳೆ? ಇವರ ದೇವರು ಕೈ ಬಿಟ್ಟ ಅಂತಾನಾ?" ಅವಳು ಮುಲಾಮು ಹಚ್ಚಿದ ಮೊಣಕೈಯನ್ನು ತೊಡೆಯ ಮೇಲಿಟ್ಟುಕೊಂಡಳು. "ನೀವು ದೇವರನ್ನ ನಂಬ್ಕೊಂಡು ಬದುಕ್ತಿದೀನಿ ಅಂತೀರಾ. ಎಲ್ಲಾರೂ ಹಾಗೇ ಅಂತಾರೆ. ನನಗೇನೋ ನೀವು ಯಾರನ್ನೂ ನಂಬಿಲ್ಲ ಅನ್ಸುತ್ತೆ. ಬೆಳಿಗ್ಗೆ ಅಡುಗೆಮನೇಲಿ ಒಂದು ಸಲ ಕೇಳ್ತೀರಿ, ಅದೂ ಯಾರಿಗೂ ಕಾಣದ ಹಾಗೆ. ನಾನು ಬೆಳಿಗ್ಗೆಯಿಂದ ಸಂಜೆ ತನಕ ಕೇಳ್ತೀನಿ. ನೀರು ಕೊಡಿ. ತಿರುಗಿಸಿ. ಬೆನ್ನು ಕೆರೀರಿ. ಕಿಟಕಿ ಹಾಕಿ. ಒಂದೊಂದು ಸಲವೂ ನಾಲಿಗೆ ಏಳಲ್ಲ. ಆದ್ರೂ ಕೇಳ್ತೀನಿ. ಒಂದು ದಿನ ನೀವೂ ಕೇಳಿ ನೋಡಿ, ಮೈಯಿರೋ ಯಾರನ್ನಾದ್ರೂ."

ಆ ರಾತ್ರಿ ಅವಳನ್ನು ಮಂಚಕ್ಕೆ ಎತ್ತುವ ಧೈರ್ಯ ಇಬ್ಬರಿಗೂ ಬರಲಿಲ್ಲ. ಕುರ್ಚಿಯನ್ನು ಮಂಚಕ್ಕೆ ಒತ್ತಿಟ್ಟು, ಚಾದರದ ಮೇಲೆ ಅಂಗುಲ ಅಂಗುಲವಾಗಿ ಸರಿಸಿದ. ಯಾರನ್ನಾದರೂ ಕೇಳೋಣ ಎಂದು ಮಾತ್ರ ಅವನಿಗೆ ಅನ್ನಿಸಿರಲಿಲ್ಲ.

ಭಾನುವಾರವೂ ಹಾಗೇ ಸರಿಸಿ, ಕುರ್ಚಿಯಲ್ಲಿ ಕೂರಿಸಿ ಚರ್ಚಿಗೆ ಹೋದ. ಮೂರನೆಯ ಗೀತೆ ಮುಗಿದ ಮೇಲೆ ಸಭಾಪಾಲಕರು ಅವನನ್ನು ಕರೆದರು. ಅವರ ತುಟಿ ನೆಟ್ಟಗಾಗಿತ್ತು, ದನಿಯೂ. ಮೈಕಿನ ಮುಂದೆ ನಿಂತಾಗ ಎದುರಿಗೆ ಕಂಡದ್ದು ಹಲ್ಲುಗಳು. ಅವನಿಗೆ ಜನ ಕಾಣುತ್ತಿದ್ದುದೇ ಹಾಗೆ. ಮುಂದಿನ ಸಾಲಿನ ನಗುವಿನಲ್ಲಿ ಅರ್ಧಕ್ಕರ್ಧ ಅವನು ಕಟ್ಟಿದ್ದು. ರಾತ್ರಿಯೆಲ್ಲ ಜೋಡಿಸಿಕೊಂಡಿದ್ದ ಮಾತು ಒಂದೂ ಎದ್ದುಬರಲಿಲ್ಲ. ಹಿಂದಿನ ಬೆಳಿಗ್ಗೆ ಅವಳು ಬಿದ್ದ ಕಥೆ ಹೇಳಬೇಕೆಂದಿದ್ದ. ಅವಳನ್ನು ಇಷ್ಟು ಜನರ ಮುಂದೆ ಮತ್ತೆ ಕೆಡವಿದ ಹಾಗಾಗುತ್ತದೆ ಎನ್ನಿಸಿತು. "ನಂಗೆ ಬಲ ಇಲ್ಲ," ಎಂದ. ಮೈಕು ಅದನ್ನು ದೊಡ್ಡದು ಮಾಡಿ ಗೋಡೆಗಳಿಗೆ ಹೇಳಿತು. "ಇದ್ದಾಗ ದೇವರು ಕೊಟ್ಟಿದ್ದು ಅಂದ್ಕೊಂಡಿದ್ದೆ. ಅದರಲ್ಲಿ ಜಂಬವೂ ಇತ್ತು. ಈಗ ಇಲ್ಲ. ಒಬ್ಬನ ಕೈಲಿ ಆಗಲ್ಲ. ಬೆಳಿಗ್ಗೆ ಹೊತ್ತು ಇನ್ನೊಂದು ಕೈ ಬೇಕು." ಇನ್ನೇನೋ ಹೇಳುವುದಿತ್ತು. ನೆನಪಾಗದೆ ಬಂದು ಕೂತ.

 ಯಾರೋ ಮೂಗು ಸೀಟಿದರು. ಸಭಾಪಾಲಕರು ಮೈಕಿಗೆ ಬಂದು, ಸಹೋದರರ ದೀನತೆ ನಮಗೆಲ್ಲ ಪಾಠ ಎಂದು, ಆ ಇನ್ನೊಂದು ಕೈ ಯಾರದೆಂದು ನಾವು ಬಲ್ಲೆವು ಎಂದು, ಪ್ರಾರ್ಥನೆ ಮಾಡಿದರು. ಆರಾಧನೆ ಮುಗಿದ ಮೇಲೆ ಮೆಟ್ಟಿಲ ಮೇಲೆ ಒಬ್ಬೊಬ್ಬರೇ ಅವನ ಕೈ ಹಿಡಿದು ಕುಲುಕಿದರು. ಎಷ್ಟು ಚೆನ್ನಾಗಿ ಹೇಳಿದಿರಿ ಎಂದರು. ವಯಸ್ಸಾದ ಹೆಂಗಸೊಬ್ಬಳು ಅವನ ಅಂಗೈಯನ್ನು ತನ್ನ ಎರಡೂ ಕೈಯಲ್ಲಿ ತೆಗೆದುಕೊಂಡು, "ಆ ಕೈ ಯಾವತ್ತೂ ನಿಮ್ಮ ಜೊತೆ ಇದೆಯಪ್ಪಾ," ಎಂದು ಕಣ್ಣೊರೆಸಿಕೊಂಡಳು. ಇನ್ನೊಬ್ಬ ಮುದುಕ ಅವನನ್ನು ಕಂಬದ ಮರೆಗೆ ಕರೆದು, ಕೆಳಗಿನ ಸೆಟ್ಟು ಮಾತಾಡುವಾಗ ಎದ್ದೆದ್ದು ಬರುತ್ತದೆ, ಏನು ಮಾಡಲಿ ಎಂದು ಕೇಳಿದ. ಅವನು ಅದಕ್ಕೆ ಸರಿಯಾದ ಉತ್ತರ ಹೇಳಿದ. ಅವನು ಕೇಳಿದ್ದು ಬೆರಳೂ ಉಗುರೂ ಇರುವ ಕೈ ಎಂದು ಯಾರಿಗೂ ಹೊಳೆದಿರಲಿಲ್ಲ.

ಮನೆಯಲ್ಲಿ ಇದನ್ನು ಹೇಳಿದಾಗ ಹೆಂಡತಿ ನಕ್ಕಳು. ಬಹಳ ದಿನದ ಮೇಲೆ ಕೆಮ್ಮು ಬರುವಷ್ಟು ನಕ್ಕಳು. "ವಿಳಾಸ ಕೊಡಬೇಕಿತ್ತು ನೀವು," ಎಂದಳು, ಉಸಿರು ಸಿಕ್ಕಿದ ಮೇಲೆ. ಅವನೂ ನಕ್ಕ, ಸ್ವಲ್ಪ.  ಕೆಳಗೆ ಹೊಲಿಗೆ ಯಂತ್ರ ಓಡುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಓಡುತ್ತಿತ್ತು. ಅವಳು ನೆಲದ ಕಡೆ ಗಲ್ಲ ತೋರಿಸಿದಳು. "ಹೋಗಿ," ಎಂದಳು.

ಕೆಳಮನೆಯ ಬಾಗಿಲು ತೆರೆದೇ ಇತ್ತು. ಟೈಲರಮ್ಮ ಯಾರದೋ ಶಾಲೆಯ ಸಮವಸ್ತ್ರದ ರಾಶಿಯ ನಡುವೆ, ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಕೂತಿದ್ದಳು. ಎಷ್ಟೋ ವರ್ಷ ಮೆಟ್ಟಿಲಲ್ಲಿ ಎದುರಾದಾಗ ಪಕ್ಕಕ್ಕೆ ಸರಿದು ದಾರಿ ಕೊಟ್ಟಿದ್ದಷ್ಟೇ ಅವರ ಪರಿಚಯ. ಚರ್ಚಿಗಾಗಲಿ ಇನ್ನೆಲ್ಲಿಗಾಗಲಿ ಹೋಗುವವಳಲ್ಲ. ಭಾನುವಾರವೂ ಯಂತ್ರ ತುಳಿಯುತ್ತಾಳೆಂದು ಅವನಿಗೆ ಒಳಗೊಳಗೇ ಒಂದು ತಾತ್ಸಾರವಿತ್ತು. ಹೊಸ್ತಿಲಲ್ಲಿ ನಿಂತು, "ಮೊನ್ನೆ ಬಿದ್ದಿದ್ದು ಸ್ಟೂಲಲ್ಲ," ಎಂದ. ಮೊನ್ನೆಯಲ್ಲ, ನಿನ್ನೆ. ತಿದ್ದಿಕೊಳ್ಳಲು ಹೋಗಲಿಲ್ಲ.

ಅವಳು ಸೂಜಿಗಳನ್ನು ಒಂದೊಂದಾಗಿ ತೆಗೆದು ದಿಂಬಿಗೆ ಚುಚ್ಚಿದಳು. "ಗೊತ್ತು ಸಾರ್. ಸ್ಟೂಲು ನರಳಲ್ಲ."

ಅವನು ಚೌಕಟ್ಟು ಹಿಡಿದುಕೊಂಡ.

"ನಾನು ತಕ್ಷಣ ಇಳಿದು ಬರಲಿಲ್ಲ," ಎಂದಳು ಅವಳು. "ನೀವು ಏನಿಲ್ಲ ಅಂದ ಮೇಲೆ ಬಾಗಿಲು ದಬ್ಬೋಕಾಗುತ್ತಾ? ಬಿಟ್ಟು ಹೋಗೋಕೂ ಮನಸಾಗಲಿಲ್ಲ. ಮೆಟ್ಟಿಲ ಮೇಲೆ ಕೂತ್ಕೊಂಡೆ. ನೀವು ಎಳೀತಿದ್ದಿದ್ದು, ಅವರು ಉಸಿರು ಬಿಡ್ತಿದ್ದಿದ್ದು, ಎಲ್ಲಾ ಕೇಳಿಸ್ತಿತ್ತು. ಮಧ್ಯ ಒಂದು ಸಲ ನೀವು 'ಎಲ್ಲಿದೀಯಾ' ಅಂತ ಕೂಗಿದ್ರಿ. ಯಾರನ್ನ ಅಂತ ಗೊತ್ತಾಗಲಿಲ್ಲ. ನನ್ನನ್ನೇ ಏನೋ ಅಂತ ಎದ್ದೆ. ಬಾಗಿಲಿಗೆ ಕೈನೂ ಇಟ್ಟೆ. ಆಮೇಲೆ ಸುಮ್ಮನಾಗಿಬಿಟ್ರಿ. ಕುರ್ಚಿ ಚಕ್ರದ ಸದ್ದು ಬಂದ ಮೇಲೆ ಕೆಳಗೆ ಬಂದೆ."

ತಾನು ಕೂಗಿದ್ದು ಅವನಿಗೆ ನೆನಪಿರಲಿಲ್ಲ. ಈಗ ಅವಳು ಹೇಳಿದ ಮೇಲೆ ಗಂಟಲಿಗೆ ನೆನಪಾಯಿತು. ಹೊದಿಕೆಯ ತುದಿ ಕೈಗೆ ಸುತ್ತಿಕೊಂಡು, ಹೆಂಡತಿಯ ತಲೆಯನ್ನು ತನ್ನ ಎದೆಗೆ ಒರಗಿಸಿಕೊಂಡು, ಸೂರಿನ ಕಡೆ ನೋಡಿ ಕೂಗಿದ್ದ. ಉತ್ತರ ಬರಲಿಲ್ಲವೆಂದು ಹಲ್ಲು ಕಚ್ಚಿ ಎಳೆದಿದ್ದ. ಆಗ ಬಾಗಿಲ ಆಚೆ, ಮರದ ಹಲಗೆಯ ಮೇಲೆ, ಒಂದು ಅಂಗೈ ಇತ್ತು. ಅವನು ಸಮವಸ್ತ್ರದ ರಾಶಿಯ ಪಕ್ಕದಲ್ಲಿ ಕೂತುಬಿಟ್ಟ. ಹೇಳಬೇಕೆಂದು ಬಂದದ್ದನ್ನು ಹೇಳಲು ಬಹಳ ಹೊತ್ತು ಹಿಡಿಯಿತು. "ನಾಳೆ ಬೆಳಿಗ್ಗೆ ಸ್ವಲ್ಪ ಬರ್ತೀರಾ? ಒಂದು ಕಡೆ ಹಿಡ್ಕೊಳ್ಳೋಕೆ."

"ಬರ್ತೀನಿ," ಎಂದಳು ಅವಳು. ಅಷ್ಟೇ. ಯಂತ್ರದ ಕಡೆ ತಿರುಗಿದಳು.

ಸೋಮವಾರ ಬಂದಳು. ಬರಿಗಾಲಲ್ಲಿ, ಸೆರಗು ಸಿಕ್ಕಿಸಿಕೊಂಡು, ಕೈಯಲ್ಲಿ ಯಂತ್ರದ ಎಣ್ಣೆಯ ವಾಸನೆ. ಎಲ್ಲಿ ಹಿಡಿಯಬೇಕೆಂದು ಅವನನ್ನು ಕೇಳಲಿಲ್ಲ, ಮಲಗಿದ್ದವಳನ್ನು ಕೇಳಿದಳು. ಇಷ್ಟು ವರ್ಷದಲ್ಲಿ ಅವನು ಹಾಗೆ ಕೇಳಿರಲಿಲ್ಲ. "ಮಂಡಿ ಬೇಡ, ತೊಡೆ ಕೆಳಗೆ," ಎಂದಳು ಹೆಂಡತಿ, "ಮಂಡಿ ಹಿಡಿದ್ರೆ ಸೊಂಟ ಎಳೆಯುತ್ತೆ." ಎಷ್ಟು ಬೆಳಗು ಆ ಸೊಂಟ ಎಳೆದಿತ್ತೋ ಎಂದು ಅವನಿಗೆ ಮುಖ ಬಿಸಿಯಾಯಿತು. ಪ್ರಾರ್ಥನೆ ಮಾಡಿ ಎತ್ತಬೇಕೆಂದುಕೊಂಡಿದ್ದ. ಟೈಲರಮ್ಮ ಕಾಯಲಿಲ್ಲ, "ಹಾಂ, ಏಳಿ" ಎಂದಳು, ಎದ್ದರು. ಭಾರ ಇದ್ದೇ ಇತ್ತು. ಅವನು ಹಗುರಾಗಲಿಲ್ಲ, ತೋಳುಗಳಿಗೆ ಹೊಸ ಬಲವೇನೂ ಬರಲಿಲ್ಲ. ಇಷ್ಟು ಮಾತ್ರ: ತಿರುಗುವ ಆ ಕ್ಷಣದಲ್ಲಿ ಅವನು ಎದುರಿಗೆ ನೋಡಿದರೆ ಇನ್ನೊಂದು ಮುಖ ಕಂಡಿತು, ಉಸಿರು ಬಿಗಿಹಿಡಿದು ಕೆಂಪಾದ ಮುಖ. ಕುರ್ಚಿಯಲ್ಲಿ ಕೂತ ಮೇಲೆ ಹೆಂಡತಿ ಮೂವರಿಗೂ ಟೀ ಎಂದಳು.

"ನಾಳೆನೂ ಬರ್ತೀರಾ?" ಎಂದ ಅವನು, ಲೋಟ ಕೊಡುತ್ತ.

"ಕರೀರಿ, ಬರ್ತೀನಿ. ಕರೀದೆ ಬರಲ್ಲ. ಕರೀದೆ ಬಂದಿದ್ದು ಒಂದು ಸಲ ಆಯ್ತಲ್ಲ."

"ಹಾಗಾದ್ರೆ ದಿನಾ ಕರೀಬೇಕಾ?"

"ದಿನಾ," ಎಂದಳು ಟೈಲರಮ್ಮ. ಹೆಂಡತಿ ಟೀಯಲ್ಲಿ ಬಾಯಿಟ್ಟು ನಗು ಅಡಗಿಸಿಕೊಂಡಳು.

ಮಂಗಳವಾರ ಅವನು ಎಂದಿನ ಹೊತ್ತಿಗೆ ಎದ್ದ. ಕಟ್ಟೆಗೆ ಅಂಗೈ ಊರಿ, ಕಣ್ಣು ಮುಚ್ಚಿ, ಇವತ್ತಿಗೆ ಎಂದ. ಮುಂದಿನ ಮಾತು ಬರಲಿಲ್ಲ. ಬೇರೇನೂ ಬರಲಿಲ್ಲ. ಮೈ ನಿನ್ನೆಯಷ್ಟೇ ಸುಸ್ತಾಗಿತ್ತು. ನಿನ್ನೆ ಕೇಳಿದ್ದು ಇವತ್ತಿಗೂ ಸಾಗುತ್ತದೆ ಎಂದು ಒಳಗೆಲ್ಲೋ ಆಸೆಯಿಟ್ಟುಕೊಂಡಿದ್ದ. ಬಾಗಿಲು ತೆರೆದು ಮೆಟ್ಟಿಲ ತಲೆಯಲ್ಲಿ ನಿಂತಾಗ ನಾಚಿಕೆ ಹೊಸದಾಗಿಯೇ ಇತ್ತು. ಎದುರುಮನೆಯವರು ಹಾಲು ಒಳಗೆ ತೆಗೆದುಕೊಳ್ಳುತ್ತಿದ್ದರು. ಮೇಲಿನವರು ಇಳಿದು ಬರುತ್ತಿದ್ದರು. ಇವರೆಲ್ಲ ಹೋಗಲಿ ಎಂದು ಕಾಯ್ದ. ಕೋಣೆಯಲ್ಲಿ ಹೆಂಡತಿ ಕೇಳಿಸಿಕೊಳ್ಳುತ್ತಿದ್ದಾಳೆಂದು ಗೊತ್ತಿತ್ತು.  ಕೆಮ್ಮಿದ. "ಅಮ್ಮಾ, ಸ್ವಲ್ಪ ಬರ್ತೀರಾ," ಎಂದ. ಅದು ಅವನ ಕಿವಿಗೇ ಸಾಲಲಿಲ್ಲ. ಕಂಬಿ ಹಿಡಿದು ಬಗ್ಗಿ, ಎದುರುಮನೆಯವರಿಗೂ ಮೇಲಿನವರಿಗೂ ಬೀದಿಗೂ ಕೇಳುವ ಹಾಗೆ ಇನ್ನೊಂದು ಸಲ ಕರೆದ.